ಉಷ್ಣದಿಂದ ಕಬ್ಬಿಣ, ಕಾಂಕ್ರೀಟು ಮತ್ತು ಕೊಳವೆಗಳು ಹಿಗ್ಗುವಿಕೆ: ಅದನ್ನು ಅಳೆಯುವ ಕ್ರಮ

೧. ಪೀಠಿಕೆ

ಎತ್ತಿನ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ತೊಡಿಸುವ ಕ್ರಮವನ್ನು ನೋಡದ ಹಿರಿಯ ಬೇಸಾಯಗಾರರು ವಿರಳ. ಕಮ್ಮಾರನು ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ಕೊಂಚ ಕಿರಿದಾಗಿ ಬೆಸೆದು, ಬೆರಣಿಯ ಉರಿಯಲ್ಲಿ ಕೆಂಪಗೆ ಕಾಯಿಸಿ, ಅದು ಹಿಗ್ಗಿದೊಡನೆ ಗಾಲಿಗೆ ತೊಡಿಸಿ ನೀರೆರೆಯುವನು. ಆರಿದ ಪಟ್ಟಿಯು ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುವುದು. ೧೪ ಅಡಿ ಸುತ್ತಳತೆಯ ಪಟ್ಟಿಯು ೬೦೦ ಡಿಗ್ರಿ ಕಾವಿಗೆ ಒಂದು ಅಂಗುಲಕ್ಕೂ ಮಿಕ್ಕಿ ಬೆಳೆಯುವುದು.

ಅಂತಹ ಬಂಡಿಗಳು ಈಗ ಕಡಿಮೆಯಾಗಿವೆ. ನಿಯಮವು ಮಾತ್ರ ಹಾಗೆಯೇ ಇದೆ. ಕಮ್ಮಾರನು ಲೆಕ್ಕವಿಟ್ಟು ಉಪಯೋಗಿಸಿಕೊಂಡ ಈ ಗುಣವನ್ನು ಹೊಲಕ್ಕೆ ಕೊಳವೆ ಹಾಕಿಸುವವರು ಲೆಕ್ಕಿಸದೆ ಹೋದರೆ, ರಾತ್ರಿಯ ತಂಪಿಗೆ ಕೀಲು ಕಳಚಿ, ಬೆಳೆಗೆ ನೀರು ಬೇಕಾದ ದಿನವೇ ನೀರು ಮಣ್ಣುಪಾಲಾಗುವುದು.

೨. ಹಿಗ್ಗುವ ಪರಿಮಾಣ

ಒಂದು ಲಕ್ಷ ಅಂಗುಲ ಉದ್ದದ ವಸ್ತುವು ಒಂದು ಸೆಂಟಿಗ್ರೇಡ್ ಡಿಗ್ರಿ ಉಷ್ಣ ಏರಿದಾಗ ಎಷ್ಟು ಅಂಗುಲ ಬೆಳೆಯುವುದೆಂಬುದು ಈ ಕೆಳಗಿನಂತಿದೆ. ಇವು ಸಾಧಾರಣ ಪ್ರಮಾಣಗಳು.

ಕಾಂಕ್ರೀಟು: ಸುಮಾರು ೧
ಕಬ್ಬಿಣ, ಉಕ್ಕು: ಸುಮಾರು ೧.೨
ಹಿತ್ತಾಳೆ: ಸುಮಾರು ೧.೯
ಅಲ್ಯೂಮಿನಿಯಂ: ಸುಮಾರು ೨.೩
ಪಿ.ವಿ.ಸಿ. ಕೊಳವೆ: ಸುಮಾರು ೬
ಪಾಲಿಥೀನ್ ಕೊಳವೆ: ೧೫ರಿಂದ ೨೦

ಈ ಪ್ರಕಾರ ೧೦೦ ಅಡಿ ಉದ್ದದ ಕೊಳವೆಯು ೨೫ ಡಿಗ್ರಿ ಬಿಸಿಯೇರಿದಲ್ಲಿ, ಕಬ್ಬಿಣದ್ದಾದರೆ ಅಂಗುಲದ ಮೂರನೆಯ ಒಂದು ಭಾಗದಷ್ಟು, ಪಿ.ವಿ.ಸಿ.ಯಾದರೆ ೧.೮ ಅಂಗುಲ, ಪಾಲಿಥೀನ್ ಆದರೆ ೪.೫ರಿಂದ ೬ ಅಂಗುಲ ಬೆಳೆಯುವುದು. ಬಿಸಿಲಿನಲ್ಲಿ ಬಿದ್ದಿರುವ ಬರಿದಾದ ಕಪ್ಪು ಕೊಳವೆಗೂ, ಬಾವಿಯ ತಣ್ಣೀರು ತುಂಬಿದ ಅದೇ ಕೊಳವೆಗೂ ಇಷ್ಟು ವ್ಯತ್ಯಾಸವುಂಟಾಗುವುದು ಆಶ್ಚರ್ಯವಲ್ಲ.

೩. ಸರಪಣಿಯ ದೃಷ್ಟಾಂತ

೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಆಂಗ್ಲ ಅಧಿಕಾರಿಯು, ಯುದ್ಧಾನಂತರ ದಕ್ಷಿಣ ದೇಶವನ್ನು ಅಳೆಯುವ ಯೋಜನೆಯನ್ನು ಮುಂದಿಟ್ಟು, ೧೮೦೦ರಲ್ಲಿ ಬೆಂಗಳೂರಿನ ಸಮೀಪ ಏಳು ಮೈಲಿಗೂ ಮಿಕ್ಕಿದ ಒಂದು ನೇರ ರೇಖೆಯನ್ನು ೧೦೦ ಅಡಿಯ ಉಕ್ಕಿನ ಸರಪಣಿಯಿಂದ ಅಳೆದನು. ಸರಪಣಿಯನ್ನು ಮರದ ತೊಟ್ಟಿಗಳಲ್ಲಿರಿಸಿ, ಬಿಸಿಲು ತಗಲದಂತೆ ಮರೆಮಾಡಿ, ಉಷ್ಣಮಾಪಕಗಳಿಂದ ಕಾವನ್ನು ಗುರುತಿಸಿಕೊಂಡು ಅಳತೆಯನ್ನು ತಿದ್ದಲಾಯಿತು. ೨೦ ಡಿಗ್ರಿಯ ವ್ಯತ್ಯಾಸವನ್ನು ಲೆಕ್ಕಿಸದಿದ್ದಲ್ಲಿ ಏಳು ಮೈಲಿಗೆ ಸುಮಾರು ೯ ಅಡಿ ತಪ್ಪು ಬರುವುದು. ಆ ರೇಖೆಯ ಮೇಲೆ ಮುಂದಿನ ಅಳತೆಗಳೆಲ್ಲ ನಿಲ್ಲಬೇಕಾಗಿದ್ದುದರಿಂದ ಈ ಎಚ್ಚರಿಕೆಯು ಅವಶ್ಯವಾಗಿತ್ತು.

ಗ್ರಾಮದ ಮುಖಂಡರು ಇದರಿಂದ ಇನ್ನೊಂದು ವಿಷಯವನ್ನೂ ತಿಳಿಯಬಹುದು. ಗುಂಟೆಯ ಒಂದು ಪಕ್ಕವಾದ ೩೩ ಅಡಿಯ ಸರಪಣಿಯು ೨೦ ಡಿಗ್ರಿ ಕಾವಿಗೆ ಅಂಗುಲದ ಹತ್ತನೆಯ ಒಂದು ಭಾಗ ಮಾತ್ರ ಬೆಳೆಯುವುದು. ಹೊಲದ ಎಲ್ಲೆಯ ವಿವಾದದಲ್ಲಿ ಮೊಳದಷ್ಟು ಅಂತರ ಕಂಡುಬಂದರೆ ಅದಕ್ಕೆ ಬಿಸಿಲು ಕಾರಣವಲ್ಲ. ಸರಪಣಿಯ ಸಡಿಲು, ಸವೆದ ಕೊಂಡಿ, ಓರೆಯಾಗಿ ಹಿಡಿದ ಅಳತೆ ಇವುಗಳನ್ನು ಮೊದಲು ಪರೀಕ್ಷಿಸತಕ್ಕದ್ದು.

೪. ಗ್ರಾಮದಲ್ಲಿಯೇ ಅಳೆಯುವ ವಿಧಾನ

ಪ್ರಯೋಗಶಾಲೆಗಳಲ್ಲಿ ವಸ್ತುವಿನ ತುಂಡನ್ನು ಕುಲುಮೆಯಲ್ಲಿಟ್ಟು, ಬಹು ಅಲ್ಪವಾಗಿ ಹಿಗ್ಗುವ ಸ್ಫಟಿಕಗಾಜಿನ ಕಡ್ಡಿಯ ಮೂಲಕ ಅದರ ಬೆಳವಣಿಗೆಯನ್ನು ಸೂಕ್ಷ್ಮ ಮಾಪಕಕ್ಕೆ ಮುಟ್ಟಿಸಿ ಅಳೆಯುವರು. ಗ್ರಾಮದಲ್ಲಿ ಇಷ್ಟು ಸಾಕು:

(ಅ) ೬ ಮೀಟರಿನ ಒಂದು ಪಿ.ವಿ.ಸಿ. ಕೊಳವೆಯನ್ನು ಬೆಳಗಿನ ಜಾವ ಸಮನೆಲದಲ್ಲಿ ನೇರವಾಗಿಡಿರಿ. ಒಂದು ತುದಿಯು ಅಲುಗಾಡದ ಕಲ್ಲಿಗೆ ಒತ್ತಿಕೊಂಡಿರಲಿ.
(ಆ) ಇನ್ನೊಂದು ತುದಿಯ ಕೆಳಗೆ ಚಪ್ಪಡಿಯನ್ನು ಹೂತು, ತುದಿಯ ನೇರಕ್ಕೆ ಗೆರೆ ಎಳೆಯಿರಿ.
(ಇ) ಉಷ್ಣಮಾಪಕವನ್ನು ಕೊಳವೆಗೆ ತಗಲುವಂತೆ ಕಟ್ಟಿ, ಬಟ್ಟೆಯಿಂದ ಮುಚ್ಚಿ, ಡಿಗ್ರಿಯನ್ನು ಬರೆದುಕೊಳ್ಳಿರಿ.
(ಈ) ಮಧ್ಯಾಹ್ನ ಪುನಃ ಡಿಗ್ರಿಯನ್ನು ನೋಡಿ, ಕೊಳವೆಯು ಗೆರೆಯನ್ನು ಎಷ್ಟು ದಾಟಿದೆಯೆಂದು ಅಳೆಯಿರಿ.

ಉಷ್ಣವು ೨೫ ಡಿಗ್ರಿ ಏರಿ, ಕೊಳವೆಯು ೯ ಮಿಲಿಮೀಟರ್ ಬೆಳೆಯಿತೆಂದಿಟ್ಟುಕೊಳ್ಳಿರಿ. ೯ನ್ನು ೬೦೦೦ದಿಂದಲೂ ೨೫ರಿಂದಲೂ ಭಾಗಿಸಿ ಲಕ್ಷದಿಂದ ಗುಣಿಸಿದರೆ ೬ ಬರುವುದು. ಇದೇ ಆ ಕೊಳವೆಯ ಪರಿಮಾಣ.

೫. ಆಚರಣೆಯಲ್ಲಿ ಗಮನಿಸತಕ್ಕ ಅಂಶಗಳು

ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಖುಷ್ಕಿ ಭೂಮಿಗಳಲ್ಲಿ ಕೊಳವೆಬಾವಿಯಿಂದ ದೂರಕ್ಕೆ ನೀರೊಯ್ಯುವವರು ಮಧ್ಯಾಹ್ನದ ಬಿಸಿಲಿನಲ್ಲಿ ಕೊಳವೆಗಳನ್ನು ಎಳೆದು ಬಿಗಿದು ಜೋಡಿಸಿ, ಆಗಲೇ ಮಣ್ಣು ಮುಚ್ಚಕೂಡದು. ಅಂಟಿನ ಕೀಲು ಚೆನ್ನಾಗಿ ಗಟ್ಟಿಯಾದ ಬಳಿಕ, ಕಾಲುವೆಗುಣಿಯಲ್ಲಿ ಕೊಳವೆಯನ್ನು ಹಾವಿನ ನಡೆಯಂತೆ ಅಲ್ಪ ಡೊಂಕಾಗಿ ಮಲಗಿಸಿ, ಬೆಳಗಿನ ತಂಪಿನಲ್ಲಿ ಮಣ್ಣು ಮುಚ್ಚತಕ್ಕದ್ದು. ರಬ್ಬರ್ ಉಂಗುರದ ಕೀಲಾದರೆ, ಕೊಳವೆಯನ್ನು ಒಳಗೆ ಪೂರ್ತಿ ತಳ್ಳಿ, ಬಳಿಕ ಸ್ವಲ್ಪ ಹಿಂದೆಗೆದು, ಹಿಗ್ಗಲು ಎಡೆಗೊಡಬೇಕು. ನೇಗಿಲಿನ ಆಳಕ್ಕಿಂತ ಕೆಳಗೆ ಹುಗಿದ ಕೊಳವೆಯು ಬಿಸಿಲಿನ ಏರಿಳಿತದಿಂದ ಬಹುಮಟ್ಟಿಗೆ ಪಾರಾಗುವುದು.

ಹನಿ ನೀರಾವರಿಯ ಕಪ್ಪು ಕೊಳವೆಗಳನ್ನು ಸಡಿಲವಾಗಿ ಹಾಸಿ, ನೀರು ಹರಿಸಿ ತಂಪಾದ ಬಳಿಕ ಗೂಟ ನೆಡಬೇಕು. ಇಲ್ಲವಾದರೆ ಮಧ್ಯಾಹ್ನ ಗಿಡದ ಬುಡಕ್ಕೆ ಸರಿಹೊಂದಿಸಿದ ಹನಿಗಂಡಿಯು ನೀರು ಬಿಟ್ಟಾಗ ಬುಡದಿಂದ ಸರಿದುಹೋಗುವುದು.

ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಗದ್ದೆಬಯಲಿನವರು ಭತ್ತ ಒಣಗಿಸಲು ಕಾಂಕ್ರೀಟಿನ ಕಣ ಹಾಕಿಸುವಾಗ ಇಡೀ ಕಣವನ್ನು ಒಂದೇ ಹಾಸಾಗಿ ಮಾಡಿಸಬಾರದು. ಹತ್ತು ಹನ್ನೆರಡು ಅಡಿಗೊಂದು ಸಂದು ಬಿಡಿಸಿ, ಅದನ್ನು ಡಾಂಬರಿನಿಂದ ತುಂಬಿಸುವುದು ಉತ್ತಮ. ಸಂದಿಲ್ಲದ ಕಣವು ತಾನೇ ಇಷ್ಟಬಂದ ಕಡೆ ಬಿರಿಯುವುದು. ಬಿರುಕಿಗೆ ಕಾಳು ಸೇರಿ ನಷ್ಟವಾಗುವುದು. ನಾಲೆಯ ಕಾಂಕ್ರೀಟು ಹಾಸಿನ ಸಂದಿನಿಂದ ಡಾಂಬರನ್ನು ಕೀಳುವ ಹುಡುಗರನ್ನು ತಡೆಯುವುದು ಊರಿನ ಯಜಮಾನರ ಕರ್ತವ್ಯ.

೬. ಸಾರಾಂಶ

ಕಾವಿಗೆ ಹಿಗ್ಗುವುದನ್ನೂ ತಂಪಿಗೆ ಕುಗ್ಗುವುದನ್ನೂ ಯಾವ ಬಲದಿಂದಲೂ ಪೂರ್ತಿಯಾಗಿ ತಡೆಯಲಾಗದು, ಅದಕ್ಕೆ ಎಡೆಗೊಡಬಹುದು. ಕೆಲಸಕ್ಕೆ ಮುಂಚೆ ಕೊಳವೆಯ ಉದ್ದ, ವಸ್ತು, ಬಿಸಿಯ ವ್ಯತ್ಯಾಸ ಈ ಮೂರನ್ನು ಗುಣಿಸಿ ನೋಡಿದವರಿಗೆ ಎಷ್ಟು ಎಡೆ ಬೇಕೆಂಬುದು ತಿಳಿಯುವುದು. ಒಂದು ಬೆಳಗಿನ ಕಾಯುವಿಕೆಯಿಂದ ಒಂದು ಬೆಳೆಯ ನೀರು ಉಳಿಯುವುದು.