ಮನೆಯಂಗಳಕ್ಕೆ ಹೊಸ ಪೊದೆಗಿಡ: ನೆಚ್ಚುವ ಮೊದಲು ಪರೀಕ್ಷಿಸಿ

ಬಂಗಾರಪೇಟೆ ಹಾಗೂ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಹೊಸ ಮನೆ ಕಟ್ಟಿದವರು ಅಂಗಳಕ್ಕೂ ಬೇಲಿಗೂ ಹೊಸ ಬಗೆಯ ಅಲಂಕಾರಿಕ ಪೊದೆಗಿಡಗಳನ್ನು ತಂದು ನೆಡುವುದುಂಟು. ಕುಳ್ಳ ದಾಸವಾಳ, ಹೊಂಬಣ್ಣದ ಎಲೆಯ ಡ್ಯುರಾಂಟ, ಹಾಮೀಲಿಯ, ಬಗೆಬಗೆಯ ಬಣ್ಣದ ಕೇಪಳ ಇವೆಲ್ಲವೂ ನರ್ಸರಿಯಲ್ಲಿ ಕಣ್ಣು ತುಂಬುವಂತಿರುತ್ತವೆ. ಎರಡನೆಯ ಬೇಸಿಗೆ ಬರುವ ಹೊತ್ತಿಗೆ ಅವುಗಳಲ್ಲಿ ಹಲವು ಸೊರಗುತ್ತವೆ. ಹಾಕಿದ ಹಣವೂ ಸೇದಿದ ನೀರೂ ವ್ಯರ್ಥವಾಗುತ್ತವೆ. ಹೊಸ ರಾಗಿ ತಳಿ ಬಂದರೆ ನಮ್ಮ ರೈತರು ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಒಂದು ತುಂಡು ಜಾಗದಲ್ಲಿ ಹಳೆಯ ತಳಿಯ ಪಕ್ಕ ಬಿತ್ತಿ ನೋಡುತ್ತಾರೆ. ಪೊದೆಗಿಡಕ್ಕೂ ಇದೇ ಕ್ರಮ ಸೂಕ್ತ.

ನರ್ಸರಿಯ ಗಿಡ ನೆರಳು ಪರದೆಯ ಕೆಳಗೆ, ತೆಂಗಿನ ನಾರಿನ ಪುಡಿಯಲ್ಲಿ, ದಿನವೂ ನೀರು ಕುಡಿದು ಬೆಳೆದದ್ದು. ಗಿಡ ಕುಳ್ಳಗೆ, ಒತ್ತಾಗಿ ಕಾಣಲೆಂದು ಬೆಳವಣಿಗೆ ಕುಗ್ಗಿಸುವ ರಾಸಾಯನಿಕ ಕೊಡುವ ಪದ್ಧತಿಯೂ ಇದೆ. ಅದರ ಪ್ರಭಾವ ಮುಗಿದ ಮೇಲೆ ಎರಡು ಅಡಿ ಎಂದು ಕೊಂಡದ್ದು ಆಳೆತ್ತರಕ್ಕೆ ಹೋದರೆ ಆಶ್ಚರ್ಯವಿಲ್ಲ. ನಮ್ಮಲ್ಲಿ ವರ್ಷದ ಮಳೆ ಸುಮಾರು 700ರಿಂದ 750 ಮಿ.ಮೀ. ಮಾತ್ರ, ಮಣ್ಣು ಬಹುಮಟ್ಟಿಗೆ ಕೆಂಪು, ನೀರು ಕೊಳವೆ ಬಾವಿಯದು. ಆದುದರಿಂದ ಕುಂಡದಲ್ಲಿ ಕಂಡ ಹೂವನ್ನು ನೋಡಿ ಗಿಡದ ಯೋಗ್ಯತೆಯನ್ನು ಅಳೆಯಬಾರದು.

ಪ್ರತಿ ಹೊಸ ಬಗೆಯಲ್ಲಿ 3 ಗಿಡಗಳನ್ನು ಮಾತ್ರ ತನ್ನಿ. ಒಂದೇ ಗಿಡ ತಂದು ಅದು ಸತ್ತರೆ ತಳಿಯ ದೋಷವೋ ಗೆದ್ದಲಿನ ಕೆಲಸವೋ ತಿಳಿಯದು. ಜೊತೆಗೆ ನಿಮ್ಮ ಊರಿನಲ್ಲಿ ಬಾಳಿ ತೋರಿಸಿದ ಒಂದು ಪೊದೆಯ 3 ಗಿಡಗಳನ್ನು ಹೋಲಿಕೆಗಾಗಿ ನೆಡತಕ್ಕದ್ದು. ಕಾಗದದ ಹೂವು ಅಥವಾ ಆಡುಸೋಗೆ ಇದಕ್ಕೆ ಸಾಕು. ಜೂನ್-ಜುಲೈ ತಿಂಗಳಲ್ಲಿ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, 4 ಅಡಿ ಅಂತರದಲ್ಲಿ ಒಂದು ಹೊಸದು, ಒಂದು ಹಳೆಯದು ಎಂಬಂತೆ ಸಾಲಾಗಿ ನೆಡಿ. ಹೊಸ ಗಿಡಗಳನ್ನೆಲ್ಲ ಬಚ್ಚಲು ನೀರು ಹರಿಯುವ ಕಡೆಗೂ ಹಳೆಯವನ್ನೆಲ್ಲ ಕಾಂಪೌಂಡಿನ ಮೂಲೆಗೂ ನೆಟ್ಟರೆ, ಪರೀಕ್ಷೆಗೆ ಒಳಪಡುವುದು ಬಚ್ಚಲು ನೀರೇ ಹೊರತು ಗಿಡವಲ್ಲ.

ಮೊದಲ ವರ್ಷ ಬೇರೂರುವವರೆಗೆ ಅಗತ್ಯವಿದ್ದಂತೆ ನೀರು ಕೊಡಿ. ನಿಜವಾದ ಪರೀಕ್ಷೆ ಎರಡನೆಯ ವರ್ಷದ ಫೆಬ್ರವರಿಯಿಂದ ಮೇವರೆಗೆ. ಆಗ ಎಲ್ಲ ಗಿಡಗಳಿಗೂ 15 ದಿನಕ್ಕೊಮ್ಮೆ ಒಂದೊಂದು ಬಕೆಟ್ ನೀರು ಸಮನಾಗಿ ಹಾಕಿ. ಸೊರಗಿದ ಗಿಡಕ್ಕೆ ಮನೆಯವರು ಕನಿಕರದಿಂದ ಇನ್ನೊಂದು ಚೊಂಬು ಸುರಿದರೆ ಲೆಕ್ಕ ತಪ್ಪುತ್ತದೆ. ತಿಂಗಳಿಗೊಮ್ಮೆ ಎತ್ತರ, ಒಣಗಿದ ಕೊಂಬೆಗಳು, ಕಂಡ ಕೀಟ, ಹೂವಿದ್ದ ವಾರಗಳು ಇಷ್ಟನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ. ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಸುಣ್ಣದ ಅಂಶವುಳ್ಳ ಗಡಸು ನೀರಿನಲ್ಲಿ ಕೇಪಳಕ್ಕೆ ಇದು ಸಾಮಾನ್ಯವಾಗಿ ಬರುತ್ತದೆ.

ಗಣಿ ಕಾಲೊನಿಗಳಲ್ಲಿ ವಾಸಿಸುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಚಿನ್ನ ತೆಗೆದು ಉಳಿದ ಸಯನೈಡ್ ಗುಡ್ಡಗಳ ನುಣುಪಾದ ಪುಡಿ ಗಾಳಿಗೆ ಎದ್ದು ಮನೆಗಳ ಮೇಲೆ ಬೀಳುತ್ತದೆ. ನವಿರಾದ ರೋಮವಿರುವ ಎಲೆ ಈ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ; ನುಣುಪಾದ, ದಪ್ಪ ಎಲೆಯನ್ನು ಒಂದು ಮಳೆ ತೊಳೆಯುತ್ತದೆ. ಗುಂಡಿ ತುಂಬಲು ಆ ಗುಡ್ಡದ ಪುಡಿಯನ್ನು ಎಂದಿಗೂ ತರಬಾರದು. ಅದರಲ್ಲಿ ಸಾವಯವ ಅಂಶವಿಲ್ಲ, ಆರೋಗ್ಯಕ್ಕೂ ಕೇಡು. ಇದೇ ಪ್ರದೇಶದಲ್ಲಿ ಖರ್ಚಿಲ್ಲದ ಪಾಠವೊಂದೂ ಇದೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಆರೈಕೆ ತಪ್ಪಿದ ಹಳೆಯ ಅಂಗಳಗಳನ್ನು ನೋಡಿಬನ್ನಿ. ಯಾರೂ ನೀರೆರೆಯದಿದ್ದರೂ ಉಳಿದಿರುವ ಪೊದೆ ಯಾವುದೋ ಅದನ್ನೇ ಹೋಲಿಕೆಗೆ ಆರಿಸಿಕೊಳ್ಳಬಹುದು.

ಹಿಪ್ಪುನೇರಳೆ ಬೆಳೆಯುವವರು ದಾಸವಾಳದ ವಿಷಯದಲ್ಲಿ ಬಿಗಿಯಾಗಿರುವುದು ಒಳ್ಳೆಯದು. ಹಿಪ್ಪುನೇರಳೆಗೆ ತುಕ್ರ ತರುವ ಗುಲಾಬಿ ಹಿಟ್ಟು ತಿಗಣೆಗೆ ದಾಸವಾಳವೂ ಅಚ್ಚುಮೆಚ್ಚಿನ ಆಸರೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪರಂಗಿ ಹಿಟ್ಟು ತಿಗಣೆಯೂ ದಾಸವಾಳ, ಹಿಪ್ಪುನೇರಳೆ ಎರಡರ ಮೇಲೂ ಬದುಕುತ್ತದೆ. ಅದರ ಹಾವಳಿ ತಗ್ಗಿದ್ದು 2010ರಲ್ಲಿ ಹೊರದೇಶದಿಂದ ಪರಾವಲಂಬಿ ಕಣಜವನ್ನು ತರಿಸಿ ಬಿಟ್ಟ ಮೇಲೆ. ರೇಷ್ಮೆ ಸಾಕುವ ಮನೆಯಲ್ಲಿ ಹೂವಿನ ಗಿಡಕ್ಕೆ ಕೀಟನಾಶಕ ಸಿಂಪಡಿಸುವುದು ಹುಳುವಿಗೇ ಅಪಾಯ. ತೋಟದ ಅಂಚಿನಲ್ಲಿ ದಾಸವಾಳ ಎಷ್ಟೇ ಚೆಂದವಿದ್ದರೂ ನನ್ನ ಅಭಿಪ್ರಾಯದಲ್ಲಿ ಬೇಡವೇ ಬೇಡ. ಈಗಾಗಲೇ ಇದ್ದರೆ, ಮುರುಟಿದ ಕುಡಿಗಳನ್ನು ಚಿವುಟಿ ಸುಡಿ.

ಹಸು, ಆಡು ಸಾಕುವವರು ಕಣಗಿಲೆಯ ಹೊಸ ಬಣ್ಣಗಳಿಗೆ ಮರುಳಾಗಬಾರದು. ಬಣ್ಣ ಯಾವುದಾದರೂ ಗಿಡದ ಎಲ್ಲ ಭಾಗವೂ ವಿಷವೇ. ಸವರಿದ ಕೊಂಬೆಗಳನ್ನು ಕೊಟ್ಟಿಗೆಯ ಬಳಿ ಎಸೆದರೆ ದನ ಕಳೆದುಕೊಳ್ಳಬೇಕಾದೀತು. ಡ್ಯುರಾಂಟದ ಹಳದಿ ಕಾಯಿಯೂ ಮಕ್ಕಳ ಕೈಗೆ ಸಿಗಬಾರದು.

ಗಿಡ ಚೆನ್ನಾಗಿ ಬೆಳೆಯುವುದೂ ಕೆಲವೊಮ್ಮೆ ದೋಷವೇ. ಲಾಂಟಾನ ನಮ್ಮ ದೇಶಕ್ಕೆ 19ನೆಯ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿಯೇ ಬಂದಿತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಗೋಮಾಳಕ್ಕೂ ಕಾಡಿಗೂ ಒಯ್ದವು. ಇಂದಿಗೂ ಅದನ್ನು ಕಿತ್ತು ಮುಗಿದಿಲ್ಲ. ಆದುದರಿಂದ ಮುಂಗಾರಿನ ನಂತರ ಹೊಸ ಪೊದೆಯ ಬುಡದಲ್ಲೂ ಬೇಲಿಯಾಚೆಯೂ ತಾನಾಗಿ ಮೊಳೆತ ಸಸಿಗಳಿವೆಯೇ ಎಂದು ಹುಡುಕಿ. ಹೇರಳವಾಗಿ ಸಿಕ್ಕರೆ ಹೂವಿನ ಆಸೆ ಬಿಟ್ಟು ಆ ಗಿಡವನ್ನು ಬೇರು ಸಹಿತ ತೆಗೆಯತಕ್ಕದ್ದು.

ಎರಡು ಬೇಸಿಗೆ ದಾಟಿ, ಹೋಲಿಕೆಯ ಗಿಡಕ್ಕೆ ಸರಿಗಟ್ಟಿದ ಪೊದೆ ಸಿಕ್ಕಿದರೆ ಮತ್ತೆ ನರ್ಸರಿಗೆ ಹೋಗಬೇಕಾಗಿಲ್ಲ. ಮಳೆಗಾಲದಲ್ಲಿ ಪೆನ್ಸಿಲ್ ಗಾತ್ರದ ಬಲಿತ ಕಡ್ಡಿಗಳನ್ನು 15-20 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಎರಡು ಗೆಣ್ಣುಗಳು ಮಣ್ಣಿನೊಳಗಿರುವಂತೆ ನೆರಳಿನಲ್ಲಿ ಊರಿ ಬೇರು ಬರಿಸಿಕೊಳ್ಳಬಹುದು. ಬಣ್ಣದ ಎಲೆಯ ತಳಿಯಾದರೆ, ಪೂರ್ತಿ ಹಸಿರಿಗೆ ತಿರುಗಿದ ಕೊಂಬೆಯಿಂದ ಕಡ್ಡಿ ತೆಗೆಯಬೇಡಿ.