ಕಿಡ್ನಿ ಕೊಡುವವರ ಮಾತು ಮೊದಲು

ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್‌ಗೆ ಅಲೆಯುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದ್ದೇ ಏಳುತ್ತದೆ: ಕಿಡ್ನಿ ಕೊಡುವವರು ಯಾರು? ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯವರು ಕಸಿಗೆ ಮೈಸೂರಿಗೆ ಹೋಗುತ್ತಾರೆ, ಇಲ್ಲವೇ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಗೆ. ಬಸ್ಸು ಹತ್ತುವ ಮೊದಲೇ ಜಗುಲಿಯ ಮೇಲೆ ತೀರ್ಮಾನ ಆಗಿಬಿಟ್ಟಿರುತ್ತದೆ. "ಅವಳೇ ಕೊಡ್ತಾಳೆ ಬುಡಿ." ಆ 'ಅವಳು' ತಾಯಿಯೋ, ಹೆಂಡತಿಯೋ, ಅಕ್ಕನೋ ಆಗಿರುತ್ತಾಳೆ. ಅವಳನ್ನು ಕೇಳಿದವರು ಮಾತ್ರ ಕಡಿಮೆ.

ಕಾನೂನು ಮೊದಲು ಕೇಳುವುದು ಅವಳನ್ನೇ. ಬಡವರ ಕಿಡ್ನಿ ಕೊಂಡು ಮಾರುವ ದಂಧೆ ಬೆಂಗಳೂರೂ ಸೇರಿ ದೇಶದ ಹಲವೆಡೆ ನಡೆಯುತ್ತಿದ್ದ ಕಾಲದಲ್ಲಿ, 1994ರಲ್ಲಿ, ಮಾನವ ಅಂಗಾಂಗ ಕಸಿ ಕಾಯ್ದೆ ಬಂತು. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು, 2014ರಲ್ಲಿ ಹೊಸ ನಿಯಮಗಳು ಬಂದವು. ಬದುಕಿರುವವರು ಅಂಗ ಕೊಡಬೇಕಾದರೆ 18 ವರ್ಷ ತುಂಬಿರಬೇಕು, ಸ್ವಂತ ಇಚ್ಛೆಯಿಂದ ಒಪ್ಪಿರಬೇಕು.

ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು. ಕಾಯ್ದೆಯ ಲೆಕ್ಕದಲ್ಲಿ ಹತ್ತಿರದ ಬಂಧುಗಳೆಂದರೆ ಇಷ್ಟೇ ಜನ. ದೊಡ್ಡಪ್ಪನ ಮಗ ನಮಗೆ ಅಣ್ಣನೇ, ಕಾನೂನಿಗೆ ಅಲ್ಲ. ಅಳಿಯ, ಸೊಸೆ, ಭಾವ, ನಾದಿನಿ, ಸೋದರಮಾವ ಕೂಡ ಈ ಪಟ್ಟಿಯಲ್ಲಿಲ್ಲ. ಸೋದರಮಾವನನ್ನೇ ಮದುವೆಯಾಗಿದ್ದರೆ ಗಂಡ-ಹೆಂಡತಿ ಸಂಬಂಧ ಲೆಕ್ಕಕ್ಕೆ ಬರುತ್ತದೆ. ಪಟ್ಟಿಯ ಹೊರಗಿನವರು ಕೊಡಲೇಬಾರದು ಎಂದೇನಿಲ್ಲ. ಆದರೆ ಅವರ ಅರ್ಜಿ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಏಕೆ ಕೊಡುತ್ತಿದ್ದೀರಿ, ಒಡನಾಟ ಎಷ್ಟು ವರ್ಷದ್ದು, ಮಧ್ಯವರ್ತಿ ಇದ್ದಾನೆಯೇ ಎಂದು ಸಮಿತಿ ವಿಚಾರಿಸುತ್ತದೆ. ಹಳೆಯ ಫೋಟೊ, ಮೂರು ವರ್ಷದ ಆದಾಯದ ವಿವರ ಕೇಳುತ್ತದೆ. ಕೊಡುವವರ ಮನೆಯವರನ್ನೂ ಕರೆಸಿ, ಅವರ ಆಕ್ಷೇಪವಿದ್ದರೆ ಬರೆದುಕೊಳ್ಳುತ್ತದೆ.

ಹತ್ತಿರದ ಬಂಧುವಾದರೆ ದಾರಿ ಸಲೀಸು. ಕಸಿ ಮಾಡುವ ಆಸ್ಪತ್ರೆಯ ಸಕ್ಷಮ ಅಧಿಕಾರಿಯೇ ದಾಖಲೆ ನೋಡಿ ಒಪ್ಪಿಗೆ ಕೊಡಬಹುದು. ನಮ್ಮ ಜಿಲ್ಲೆಯವರು ಎಡವುವುದು ಈ ದಾಖಲೆಗಳಲ್ಲೇ. ಮಲೆ ಮಹದೇಶ್ವರನ, ನಮ್ಮ ಬಾಯಲ್ಲಿ ಮಾದಪ್ಪನ, ಒಕ್ಕಲಿನ ನಾಡು ಇದು. ಒಬ್ಬನೇ ಮನುಷ್ಯ ಆಧಾರ್‌ನಲ್ಲಿ ಮಹದೇವಸ್ವಾಮಿ, ಪಡಿತರ ಚೀಟಿಯಲ್ಲಿ ಮಾದಪ್ಪ, ಶಾಲೆಯ ಟಿ.ಸಿ.ಯಲ್ಲಿ ಮಹದೇವ. ಊರಿನಲ್ಲಿ ಯಾರಿಗೂ ಗೊಂದಲವಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ ಮೂವರು ಬೇರೆ ಬೇರೆ ಜನ. ಡಯಾಲಿಸಿಸ್ ಶುರುವಾದ ತಿಂಗಳಲ್ಲೇ ಇದನ್ನು ಸರಿಪಡಿಸಿಕೊಳ್ಳಿ. ಸಂಬಂಧ ತೋರಿಸಲು ಜನನ ಪ್ರಮಾಣಪತ್ರ ಇಲ್ಲದವರಿಗೆ ತಹಶೀಲ್ದಾರರ ಪ್ರಮಾಣಪತ್ರ ನಡೆಯುತ್ತದೆ. ನಾಡಕಚೇರಿಯಲ್ಲಿ ವಂಶವೃಕ್ಷವನ್ನೂ ಮಾಡಿಸಿಟ್ಟುಕೊಳ್ಳಿ. ದಂಪತಿಯಾದರೆ ವಿವಾಹ ನೋಂದಣಿ ಪತ್ರ, ಮದುವೆ ಫೋಟೊ, ಮಕ್ಕಳ ಜನನ ಪತ್ರ ಬೇಕು. ದಾಖಲೆಯಿಂದ ಸಂಬಂಧ ಖಚಿತವಾಗದಿದ್ದರೆ ಡಿ.ಎನ್.ಎ. ಪರೀಕ್ಷೆಗೆ ಹೇಳಬಹುದು.

ಗಡಿಯ ಮನೆಗಳಿಗೆ ಇನ್ನೊಂದು ತೊಡಕಿದೆ. ಅಕ್ಕನನ್ನು ತಾಳವಾಡಿಗೋ ಗೂಡಲೂರಿಗೋ ಸುಲ್ತಾನ್ ಬತ್ತೇರಿಗೋ ಕೊಟ್ಟಿರುತ್ತಾರೆ. ಆಡುವ ಮಾತು ಕನ್ನಡವೇ, ಕಾಗದಪತ್ರ ಮಾತ್ರ ತಮಿಳುನಾಡಿನದು, ಕೇರಳದ್ದು. ಕಸಿ ನಡೆಯುವ ರಾಜ್ಯದವರಲ್ಲದ ದಾನಿ ತನ್ನ ಊರಿನ ತಹಶೀಲ್ದಾರರಿಂದ ನಮೂನೆ-20ರಲ್ಲಿ ವಾಸಸ್ಥಳದ ಪ್ರಮಾಣಪತ್ರ ತರಬೇಕು. ದಾನಿ ಮತ್ತು ರೋಗಿ ವಾಸವಿರುವ ರಾಜ್ಯದ ಸಮಿತಿಯೇ ನಿಜಾಂಶ ತಿಳಿಯಲು ತಕ್ಕದ್ದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಕುಲದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತ್ತು. ಹಾಗಾಗಿ ಈ ಪ್ರಮಾಣಪತ್ರಕ್ಕೆ ಓಡಾಡುವುದನ್ನು ವೃಥಾ ಅಲೆದಾಟವೆಂದು ಬೇಸರಪಡಬೇಡಿ.

ದಾನಿ ಹೆಣ್ಣುಮಗಳಾಗಿದ್ದರೆ ಹೆಚ್ಚು ಎಚ್ಚರ ವಹಿಸಬೇಕೆಂದು ನಿಯಮವೇ ಹೇಳುತ್ತದೆ. ಅವಳ ಗುರುತನ್ನೂ ಒಪ್ಪಿಗೆಯನ್ನೂ ದೃಢಪಡಿಸುವವರು ಕಿಡ್ನಿ ಪಡೆಯುವವರಲ್ಲದೆ ಬೇರೊಬ್ಬರಾಗಿರಬೇಕು. ಸಮಿತಿ ನಡೆಸುವ ಸಂದರ್ಶನದ ವಿಡಿಯೊ ಚಿತ್ರೀಕರಣವಾಗುತ್ತದೆ. ತವರಿನವರೂ ಅತ್ತೆಮನೆಯವರೂ ಸುತ್ತ ನಿಂತಾಗ ಬಾರದ ಮಾತು ಅಲ್ಲಾದರೂ ಬರಲಿ. ಅಪಾಯ, ಅಡ್ಡಪರಿಣಾಮಗಳನ್ನು ವೈದ್ಯರು ಮೊದಲೇ ಬಿಡಿಸಿ ಹೇಳಬೇಕಾದುದು ಕಾನೂನಿನ ಕಟ್ಟಳೆ. ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲೇ ಇನ್ನೊಂದು ಸಾಲಿದೆ: ಶಸ್ತ್ರಚಿಕಿತ್ಸೆಗೆ ಮುಂಚೆ ಯಾವ ಕ್ಷಣದಲ್ಲಾದರೂ ಒಪ್ಪಿಗೆ ಹಿಂಪಡೆಯಬಹುದು. ಇಡೀ ಕಡತದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಈ ಸಾಲು. ಬೇಡವೆಂದವಳು ಅಪರಾಧಿಯಲ್ಲ.

ದುಡ್ಡಿನ ಮಾತು. ಕಿಡ್ನಿಗೆ ಬೆಲೆ ಕಟ್ಟಿ ಕೊಟ್ಟವರಿಗೂ ಪಡೆದವರಿಗೂ ಕುದುರಿಸಿದವರಿಗೂ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಆದರೆ ದಾನದ ಕಾರಣಕ್ಕೆ ನೇರವಾಗಿ ಆದ ಖರ್ಚು, ತಪ್ಪಿಹೋದ ದುಡಿಮೆ ಕಾಯ್ದೆಯ ಅರ್ಥದಲ್ಲಿ ಬೆಲೆಯಲ್ಲ. ಚೆಂಡುಹೂ ಬಿಡಿಸಲು ಕೂಲಿಗೆ ಹೋಗುವ ತಂಗಿ ಅಣ್ಣನಿಗೆ ಕಿಡ್ನಿ ಕೊಟ್ಟು ಮನೆಯಲ್ಲಿ ಕೂತರೆ, ತಪ್ಪಿದ ಆ ಕೂಲಿ ತುಂಬಿಕೊಡುವುದು ತಪ್ಪಲ್ಲ; ಲೆಕ್ಕ ಬರೆದಿಡಿ. ಬಿಪಿಎಲ್ ಕುಟುಂಬದವರು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಂಗಾಂಗ ಕಸಿ ಯೋಜನೆಯ ಬಗ್ಗೆ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಬೇಕು.

ಮನೆಯವರ ಕಿಡ್ನಿ ಹೊಂದದಿದ್ದರೂ ದಾರಿ ಮುಚ್ಚುವುದಿಲ್ಲ. ಇಂಥದೇ ಕಷ್ಟದಲ್ಲಿರುವ ಇನ್ನೊಂದು ಕುಟುಂಬದೊಂದಿಗೆ ಅದಲುಬದಲು ಮಾಡಿಕೊಳ್ಳಲು 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಇದಕ್ಕೂ ಸಮಿತಿಯ ಅನುಮತಿ ಬೇಕು. ಮೆದುಳು ನಿಷ್ಕ್ರಿಯಗೊಂಡವರಿಂದ ಬರುವ ಕಿಡ್ನಿಗಾಗಿ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ಕಸಿ ಸಂಸ್ಥೆ 'ಜೀವಸಾರ್ಥಕತೆ'ಯಲ್ಲಿ ಹೆಸರು ಬರೆಸಬಹುದು.

ಸಮಿತಿ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಅದನ್ನು ಪಡೆದು 30 ದಿನದೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಹಾಕಿ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಇಲ್ಲವೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಈ ನೆರವು ಉಚಿತ.

ನೋಟರಿ ಮುಂದೆ ಕೂರುವ ಮುನ್ನ ಆ ಒಪ್ಪಿಗೆ ಪತ್ರವನ್ನು ಕೊಡುವವರಿಗೆ ಕನ್ನಡದಲ್ಲಿ, ನಿಧಾನವಾಗಿ, ಪೂರ್ತಿ ಓದಿ ಹೇಳಿ.