ಶಾಲೆಗೆ ರಜೆ, ಕಲಿಕೆಯ ಹಕ್ಕಿಗೆ ರಜೆಯಿಲ್ಲ

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳು ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಕಾಲಿಡಬೇಕಿದ್ದ ಮಗು ಕೊಠಡಿಯಲ್ಲಿ ಕೂರದೆಯೇ ಎರಡನೇ ತರಗತಿಗೆ ಬಂದಿತ್ತು. ಆ ಒಂದೂವರೆ ವರ್ಷ ಪಾಠದ ಹೊರೆ ಹೆತ್ತವರ ಹೆಗಲಿಗೆ ಬಿತ್ತು. ಅಪ್ಪ ಕೂಲಿ ಮುಗಿಸಿ ಬಂದು ಫೋನ್ ಕೊಟ್ಟ ಮೇಲೆ ರಾತ್ರಿ ಪಾಠ ಕೇಳಿದ ಮಕ್ಕಳಿದ್ದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮಲೆನಾಡಿನ ಮಕ್ಕಳಿದ್ದರು. ಫೋನೇ ಇಲ್ಲದೆ ಪುಸ್ತಕ ಮುಚ್ಚಿಟ್ಟು ಹೊಲಕ್ಕೆ, ಗಾರೆ ಕೆಲಸಕ್ಕೆ ಹೋದವರೂ ಇದ್ದರು.

ಅಷ್ಟು ದೀರ್ಘ ರಜೆ ಮತ್ತೆ ಬಾರದಿರಲಿ. ಆದರೆ ಕರಾವಳಿ, ಕೊಡಗು, ಮಲೆನಾಡಿನಲ್ಲಿ ಮಳೆಗಾಲ ಬಂದರೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುವುದು ರೂಢಿ. ನೆರೆ ಬಂದಾಗ ಶಾಲೆಗಳೇ ಕಾಳಜಿ ಕೇಂದ್ರಗಳಾಗುತ್ತವೆ. ಇಂಥ ದಿನಗಳಲ್ಲಿ ಹೆತ್ತವರು ಮಗುವಿನ ಓದಿಗೆ ಆಸರೆಯಾಗಬೇಕು, ನಿಜ. ಹಾಗೆಂದು ಶಾಲೆಯ ಮತ್ತು ಸರ್ಕಾರದ ಹೊಣೆಯನ್ನೂ ಅವರೇ ಹೊರಬೇಕೆಂದು ಕಾನೂನು ಹೇಳುವುದಿಲ್ಲ. ಯಾರ ಹೊಣೆ ಎಲ್ಲಿಯವರೆಗೆ ಎಂಬುದು ಗೊತ್ತಿದ್ದರೆ ಕೇಳಬೇಕಾದದ್ದನ್ನು ಅಳುಕಿಲ್ಲದೆ ಕೇಳಬಹುದು.

ಯಾರ ಹೊಣೆ ಯಾವುದು?

2002ರ 86ನೇ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 21ಎ ವಿಧಿ 6ರಿಂದ 14 ವರ್ಷದ ಪ್ರತಿ ಮಗುವಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದೆ. ಇದನ್ನು ಜಾರಿಗೊಳಿಸಲು ಬಂದದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ. ಅದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಎಂಬುದೂ ತಿಳಿದಿರಲಿ.

ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ ಕಾಯ್ದೆಯ 10ನೇ ಕಲಂ. ಮಗುವಿನ ದಾಖಲಾತಿ, ಹಾಜರಾತಿ, ಶಿಕ್ಷಣದ ಪೂರೈಕೆ ಇವನ್ನೆಲ್ಲ ಖಾತರಿಪಡಿಸುವ ಹೊಣೆಯನ್ನು 8 ಮತ್ತು 9ನೇ ಕಲಂಗಳು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರದ ಮೇಲೆ ಇಟ್ಟಿವೆ. 24ನೇ ಕಲಂ ಶಿಕ್ಷಕರಿಗೆ ಸಂಬಂಧಿಸಿದ್ದು. ಮಗುವಿನ ಕಲಿಕೆಯ ಮಟ್ಟವನ್ನು ಅಳೆಯುವುದು, ಅಗತ್ಯವಿದ್ದರೆ ಹೆಚ್ಚುವರಿ ಪಾಠ ಹೇಳುವುದು, ಪೋಷಕರ ಸಭೆ ಕರೆದು ಮಗುವಿನ ಪ್ರಗತಿಯನ್ನು ತಿಳಿಸುವುದು ಅವರ ಕರ್ತವ್ಯ. ಆದ್ದರಿಂದ “ನಿಮ್ಮ ಮಗುವಿಗೆ ಮನೆಯಲ್ಲಿ ಯಾರೂ ಹೇಳಿಕೊಡಲಿಲ್ಲ, ನಾವೇನು ಮಾಡೋಣ” ಎಂಬ ಮಾತು ಕೇಳಿಬಂದರೆ ತಲೆ ತಗ್ಗಿಸಬೇಕಾಗಿಲ್ಲ. ಓದು ಬಾರದ ತಾಯಿಯ ಮಗುವಿಗೂ ಅಕ್ಷರ ಸಿಗಲಿ ಎಂದೇ ಈ ಕಾಯ್ದೆ ಇರುವುದು.

ಆನ್‌ಲೈನ್ ತರಗತಿ ಕಡ್ಡಾಯವೇ?

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿ, ಬಳಿಕ ಕೆಲವು ಮಿತಿಗಳೊಂದಿಗೆ ಒಪ್ಪಿತು. ಜುಲೈ 8ರಂದು ಕರ್ನಾಟಕ ಹೈಕೋರ್ಟ್ ಈ ಎರಡೂ ಆದೇಶಗಳಿಗೆ ತಡೆ ಕೊಟ್ಟಿತು. ಆದರೆ ಅದೇ ಮಧ್ಯಂತರ ಆದೇಶದಲ್ಲಿ ಪೋಷಕರ ಪರವಾದ ಮಾತುಗಳೂ ಇದ್ದವು. ಈ ತಡೆಯಿಂದ ಶಾಲೆಗಳಿಗೆ ಆನ್‌ಲೈನ್ ತರಗತಿಯನ್ನು ಕಡ್ಡಾಯ ಮಾಡುವ ಹಕ್ಕಾಗಲಿ, ಅದಕ್ಕಾಗಿ ಹೆಚ್ಚುವರಿ ಶುಲ್ಕ ಕೇಳುವ ಹಕ್ಕಾಗಲಿ ಬರುವುದಿಲ್ಲ, ಆನ್‌ಲೈನ್ ಆಯ್ದುಕೊಳ್ಳದ ಮಕ್ಕಳನ್ನು ಶಿಕ್ಷಣದಿಂದ ವಂಚಿಸುವಂತಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು.

ತೆರೆಯ ಮುಂದೆ ಮಗು ಎಷ್ಟು ಹೊತ್ತು ಕೂರಬೇಕು ಎಂಬುದಕ್ಕೆ ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ (ಈಗಿನ ಶಿಕ್ಷಣ) ಸಚಿವಾಲಯ 2020ರ ಜುಲೈನಲ್ಲಿ ‘ಪ್ರಜ್ಞಾತ’ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಶಾಲಾಪೂರ್ವ ಮಕ್ಕಳಿಗೆ ದಿನಕ್ಕೆ 30 ನಿಮಿಷ ಮೀರಬಾರದು. ಒಂದರಿಂದ ಎಂಟನೇ ತರಗತಿಗೆ 30ರಿಂದ 45 ನಿಮಿಷಗಳ ಎರಡು ಅವಧಿ, ಒಂಬತ್ತರಿಂದ ಹನ್ನೆರಡಕ್ಕೆ ಅಷ್ಟೇ ಉದ್ದದ ನಾಲ್ಕು ಅವಧಿ ಗರಿಷ್ಠ ಮಿತಿ. ಇದು ಸಲಹೆಯ ರೂಪದ್ದಾದರೂ, ಬೆಳಗ್ಗೆಯಿಂದ ಸಂಜೆಯವರೆಗೆ ಎರಡನೇ ತರಗತಿಯ ಮಗುವನ್ನು ಫೋನಿನ ಮುಂದೆ ಕೂರಿಸುವ ಶಾಲೆಯೊಂದಿಗೆ ಮಾತಾಡಲು ನಿಮಗೆ ಗಟ್ಟಿ ಆಧಾರ.

ಫೋನು, ನೆಟ್‌ವರ್ಕ್ ಇಲ್ಲದಿದ್ದರೆ

ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದು ಕೇರಳ ಹೈಕೋರ್ಟ್ 2019ರ ಸೆಪ್ಟೆಂಬರ್‌ನಲ್ಲಿ ಫಹೀಮಾ ಶಿರಿನ್ ಪ್ರಕರಣದಲ್ಲಿ ಹೇಳಿತ್ತು. 2020ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್, ಮೀಸಲು ಸೀಟಿನಲ್ಲಿ ಓದುವ ಬಡ ಮಕ್ಕಳಿಗೆ ಶಾಲೆಗಳೇ ಸಾಧನ ಮತ್ತು ಇಂಟರ್ನೆಟ್ ಪ್ಯಾಕ್ ಒದಗಿಸಬೇಕು ಎಂದಿತು. ಈ ಆದೇಶಕ್ಕೆ ಸುಪ್ರೀಂ ಕೋರ್ಟ್ ತಡೆ ನೀಡಿತಾದರೂ, 2021ರ ಅಕ್ಟೋಬರ್ 8ರಂದು ಅದೇ ನ್ಯಾಯಾಲಯ ಡಿಜಿಟಲ್ ಕಂದಕದ ಗಂಭೀರ ಪರಿಣಾಮವನ್ನು ಎತ್ತಿ ಹೇಳಿ, ಪರಿಹಾರದ ಯೋಜನೆ ರೂಪಿಸುವಂತೆ ಕೇಂದ್ರ ಮತ್ತು ದೆಹಲಿ ಸರ್ಕಾರಗಳಿಗೆ ಸೂಚಿಸಿತು.

ಅಂದರೆ “ಮಗುವಿಗೊಂದು ಮೊಬೈಲ್ ಕೊಡಿ” ಎಂದು ನೇರವಾಗಿ ಕೇಳುವ ಹಕ್ಕು ಇನ್ನೂ ಪಕ್ಕಾ ಆಗಿಲ್ಲ. ಆದರೆ ಮೊಬೈಲ್ ಇಲ್ಲ ಎಂಬ ಕಾರಣಕ್ಕೆ ಮಗುವಿನ ಪಾಠ ನಿಲ್ಲಬಾರದು. ಬೇರೆ ದಾರಿ ಒದಗಿಸಿ ಎಂದು ಖಂಡಿತ ಕೇಳಬಹುದು. ಅಂಥ ದಾರಿಗಳನ್ನು ಕರ್ನಾಟಕ ನೋಡಿದೆ. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ದಲ್ಲಿ ಶಿಕ್ಷಕರು ಊರಿನ ಜಗಲಿ, ಗುಡಿಯ ಕಟ್ಟೆ, ಮರದ ನೆರಳಿಗೆ ಬಂದು ಪಾಠ ಮಾಡಿದರು. ದೂರದರ್ಶನ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಶುರುವಾಯಿತು. ಮುದ್ರಿತ ಅಭ್ಯಾಸ ಹಾಳೆ, ವಾರಕ್ಕೊಮ್ಮೆ ಶಿಕ್ಷಕರ ಭೇಟಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಕೂತು ಓದುವ ವ್ಯವಸ್ಥೆ ಇವನ್ನು ಕೇಳಲು ಸಂಕೋಚ ಬೇಡ.

ಅಂಗವಿಕಲ ಮಕ್ಕಳ ವಿಷಯದಲ್ಲಿ ಕಾನೂನು ಇನ್ನಷ್ಟು ಸ್ಪಷ್ಟ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 18 ವರ್ಷದವರೆಗೆ ಉಚಿತ ಶಿಕ್ಷಣ ಸಿಗಬೇಕು. ಪುಸ್ತಕ, ಕಲಿಕಾ ಸಾಮಗ್ರಿ, ಸಹಾಯಕ ಸಾಧನಗಳೂ ಉಚಿತವಾಗಿ ಸಿಗಬೇಕು. ಕಣ್ಣು ಕಾಣದ ಮಗುವಿಗೆ ಬರೀ ವಿಡಿಯೊ, ಕಿವಿ ಕೇಳದ ಮಗುವಿಗೆ ಬರೀ ಆಡಿಯೊ ಕಳಿಸಿ ಪಾಠ ಮುಗಿಯಿತು ಎನ್ನುವಂತಿಲ್ಲ. ಇಂಥ ದೂರನ್ನು ಅಂಗವಿಕಲರ ರಾಜ್ಯ ಆಯುಕ್ತರಿಗೂ ಕೊಡಬಹುದು.

ಶುಲ್ಕ ಬಾಕಿ ಇದ್ದರೆ

ಶಾಲೆ ಮುಚ್ಚಿದ್ದ ವರ್ಷದ ಶುಲ್ಕ ಎಷ್ಟು ಎಂಬುದು ದೊಡ್ಡ ವಿವಾದವಾಯಿತು. 2021ರ ಮೇ 3ರಂದು ರಾಜಸ್ಥಾನದ ಖಾಸಗಿ ಶಾಲೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2020–21ರ ವಾರ್ಷಿಕ ಶುಲ್ಕದಲ್ಲಿ ಶೇ 15ರಷ್ಟು ಕಡಿತ ಮಾಡಿ ಉಳಿದದ್ದನ್ನು ಕಂತುಗಳಲ್ಲಿ ಪಡೆಯಬೇಕು ಎಂದಿತು. ಬಾಕಿಯ ಕಾರಣಕ್ಕೆ ಮಗುವನ್ನು ಆನ್‌ಲೈನ್ ಅಥವಾ ನೇರ ತರಗತಿಯಿಂದ ಹೊರಗಿಡಬಾರದು, ಫಲಿತಾಂಶ ತಡೆಹಿಡಿಯಬಾರದು ಎಂದೂ ಹೇಳಿತು. ಕರ್ನಾಟಕ ಸರ್ಕಾರ ಆ ವರ್ಷಕ್ಕೆ ಬೋಧನಾ ಶುಲ್ಕದ ಶೇ 70ರಷ್ಟು ಮಾತ್ರ ಪಡೆಯಬೇಕೆಂದು ಆದೇಶಿಸಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಇಲ್ಲಿಯೂ ಶೇ 15ರ ಕಡಿತವನ್ನೇ ಅನ್ವಯಿಸಿತು. ಈ ಆದೇಶಗಳು ಆ ವರ್ಷಕ್ಕೆ ಸೀಮಿತ. ಮುಂದೆ ದೀರ್ಘ ರಜೆ ಬಂದರೆ ಶುಲ್ಕ ತಾನಾಗಿಯೇ ಇಳಿಯುತ್ತದೆ ಎಂದು ತಿಳಿಯಬೇಡಿ. ಕಷ್ಟವಿದ್ದರೆ ಕಾರಣ ಬರೆದು, ಕಂತು ಕೇಳಿ ಮೊದಲೇ ಅರ್ಜಿ ಕೊಡಿ, ರಸೀದಿಗಳನ್ನು ಜೋಪಾನವಾಗಿಡಿ.

ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಲು ಹೊರಟಾಗ ಹಳೆಯ ಶಾಲೆ ವರ್ಗಾವಣೆ ಪತ್ರ (ಟಿಸಿ) ಕೊಡಲು ಸತಾಯಿಸುವುದುಂಟು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಮುಖ್ಯ ಶಿಕ್ಷಕರು ಟಿಸಿಯನ್ನು ತಕ್ಷಣ ಕೊಡಬೇಕು. ತಡ ಮಾಡಿದವರು ಶಿಸ್ತುಕ್ರಮಕ್ಕೆ ಗುರಿಯಾಗುತ್ತಾರೆ. ಟಿಸಿ ಬಂದಿಲ್ಲ ಎಂದು ಹೊಸ ಶಾಲೆ ದಾಖಲಾತಿಯನ್ನು ನಿರಾಕರಿಸುವಂತಿಲ್ಲ, ಮುಂದೂಡುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ವಾಪಸು ಕಳಿಸಬಾರದು ಎನ್ನುತ್ತದೆ 14ನೇ ಕಲಂ.

ಬಿಸಿಯೂಟದ ಪಾಲು

2013ರ ಆಹಾರ ಭದ್ರತಾ ಕಾಯ್ದೆಯಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿವರೆಗಿನ ಮಕ್ಕಳಿಗೆ ಬಿಸಿಯೂಟ ಹಕ್ಕು. ಸಾಮಾನ್ಯ ರಜಾದಿನಗಳಿಗೆ ಇದು ಅನ್ವಯಿಸುವುದಿಲ್ಲ. ಶಾಲೆಯ ಕೆಲಸದ ದಿನ ಊಟ ಕೊಡಲಾಗದಿದ್ದರೆ ಧಾನ್ಯ ಮತ್ತು ಹಣದ ರೂಪದಲ್ಲಿ ಆಹಾರ ಭದ್ರತಾ ಭತ್ಯೆಯನ್ನು ಮುಂದಿನ ತಿಂಗಳ 15ರೊಳಗೆ ಕೊಡಬೇಕೆಂದು 2015ರ ನಿಯಮಗಳು ಹೇಳುತ್ತವೆ. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆ ಮುಚ್ಚಿದಾಗಿನ ಬಿಸಿಯೂಟದ ವಿಷಯವನ್ನು ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತ್ತು. ದೀರ್ಘ ಕಾಲ ಶಾಲೆ ಮುಚ್ಚಿದಾಗ ಪಡಿತರದ ಬಗ್ಗೆ ಮುಖ್ಯ ಶಿಕ್ಷಕರನ್ನು ಕೇಳಿ. ಅದು ಸರ್ಕಾರದ ಔದಾರ್ಯವಲ್ಲ, ಮಗುವಿನ ಪಾಲು.

ಮನೆಯೊಳಗೆ ಮಗುವಿನ ರಕ್ಷಣೆ

ಪಾಠಕ್ಕೆಂದು ಮಗುವಿನ ಕೈಗೆ ಕೊಟ್ಟ ಫೋನಿನಲ್ಲಿ ಬೇರೆಯವರೂ ಒಳಬರಬಹುದು. ಯಾರಾದರೂ ಅಶ್ಲೀಲ ಚಿತ್ರ ಕಳಿಸಿದರೆ, ಮಗುವಿನ ಚಿತ್ರ ಕೇಳಿದರೆ, ಬೆದರಿಸಿದರೆ ಅದು ಪೋಕ್ಸೊ ಮತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗಳಡಿ ಅಪರಾಧ. ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಪೊಲೀಸ್ ಠಾಣೆಗೆ ಅಥವಾ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ. ಮಗುವನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಅದು ನಿಮ್ಮ ಬಳಿ ಹೇಳುವುದೇ ಇಲ್ಲ. ಆನ್‌ಲೈನ್ ಪಾಠದಲ್ಲಿ ಎಲ್ಲರೆದುರು ಮಗುವನ್ನು ಹೀಯಾಳಿಸುವುದು ಕೂಡ ಮಾನಸಿಕ ಕಿರುಕುಳವೇ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ನಿಷೇಧಿಸಿದೆ.

ಶಾಲೆ ಮುಚ್ಚಿದ್ದಾಗ ಹೆಣ್ಣುಮಕ್ಕಳ ಮದುವೆಯ ಮಾತು ಬೇಗ ಏಳುತ್ತದೆ, ಗಂಡುಮಕ್ಕಳಿಗೆ ಕೆಲಸದ ಕರೆ ಬರುತ್ತದೆ. 14 ವರ್ಷದೊಳಗಿನ ಮಗುವನ್ನು ದುಡಿಮೆಗೆ ಹಚ್ಚುವುದು ಅಪರಾಧ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಹಗಲಿರುಳೂ ಈ ಸಹಾಯವಾಣಿ ಇರುತ್ತದೆ.

ಶಾಲೆ ತೆರೆದ ಮೇಲೆ

ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಕೆಲಸದ ದಿನಗಳು ನಡೆಯಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಮಳೆ ರಜೆಯ ಪಾಠವನ್ನು ಎಂದು ತುಂಬಿಕೊಡುತ್ತೀರಿ ಎಂದು ಕೇಳಲು ಇದೇ ಆಧಾರ. ಓದು ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕು. ಹಾಗೆ ಸೇರಿದ ಮಗುವಿಗೆ 14 ತುಂಬಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತ ಶಿಕ್ಷಣ ಸಿಗುತ್ತದೆ. 2022–23ರಲ್ಲಿ ರಾಜ್ಯ ನಡೆಸಿದ ‘ಕಲಿಕಾ ಚೇತರಿಕೆ’ ಹಿಂದೆ ಬಿದ್ದ ಕಲಿಕೆಯನ್ನು ತುಂಬುವ ಕಾರ್ಯಕ್ರಮವೇ ಆಗಿತ್ತು.

ದೂರು ಕೊಡುವುದು ಹೇಗೆ?

1. ಮೊದಲು ತರಗತಿ ಶಿಕ್ಷಕರು, ಮುಖ್ಯ ಶಿಕ್ಷಕರ ಜೊತೆ ಮಾತಾಡಿ. ಬಹುಪಾಲು ತೊಡಕು ಅಲ್ಲೇ ಬಗೆಹರಿಯುತ್ತದೆ.

2. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಈ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು.

3. ಬಗೆಹರಿಯದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ (ಬಿಇಒ) ಲಿಖಿತ ದೂರು ಕೊಡಿ, ಪ್ರತಿಯನ್ನು ಗ್ರಾಮ ಪಂಚಾಯಿತಿಗೂ ಕೊಡಿ. ನಿಮ್ಮ ಪ್ರತಿಯ ಮೇಲೆ ದಿನಾಂಕದ ಮುದ್ರೆ, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು.

4. ಬಂದ ತೀರ್ಮಾನ ಸರಿಯಿಲ್ಲವೆನಿಸಿದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

5. ದಾಖಲೆ ಬೇಕಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ.

6. ವಕೀಲರ ನೆರವು ಬೇಕಾದರೆ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಅರ್ಜಿ ಬರೆಯಲು ದೊಡ್ಡ ಭಾಷೆ ಬೇಕಿಲ್ಲ. ಹೀಗಿದ್ದರೆ ಸಾಕು:

“ಮಾನ್ಯರೇ, ನನ್ನ ಮಗಳು ಈ ಶಾಲೆಯ ನಾಲ್ಕನೇ ತರಗತಿಯಲ್ಲಿ ಓದುತ್ತಿದ್ದಾಳೆ. ಶಾಲೆ ಮುಚ್ಚಿದ ಈ ದಿನಾಂಕದಿಂದ ಪಾಠಗಳು ಮೊಬೈಲ್ ಮೂಲಕ ಮಾತ್ರ ನಡೆಯುತ್ತಿವೆ. ನಮ್ಮ ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲ. ಆದ್ದರಿಂದ ಅವಳಿಗೆ ಮುದ್ರಿತ ಅಭ್ಯಾಸ ಹಾಳೆ ಮತ್ತು ವಾರಕ್ಕೊಮ್ಮೆ ಶಿಕ್ಷಕರ ಮಾರ್ಗದರ್ಶನ ಒದಗಿಸಿ, ಕೈಗೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ನೀಡಬೇಕಾಗಿ ಶಿಕ್ಷಣ ಹಕ್ಕು ಕಾಯ್ದೆ 2009ರ ಅಡಿಯಲ್ಲಿ ಕೋರುತ್ತೇನೆ.”

ಕೆಳಗೆ ಹೆಸರು, ವಿಳಾಸ, ಸಹಿ, ದಿನಾಂಕ ಇರಲಿ. ಬರೆಯಲು ಬಾರದವರು ಬೇರೆಯವರಿಂದ ಬರೆಸಿ ಹೆಬ್ಬೆಟ್ಟು ಒತ್ತಿದರೂ ಅದು ಅರ್ಜಿಯೇ. ಇದೇ ತೊಂದರೆ ಇರುವ ನಾಲ್ಕಾರು ಮನೆಯವರು ಒಟ್ಟಿಗೆ ಸಹಿ ಮಾಡಿದರೆ ಇನ್ನೂ ಒಳ್ಳೆಯದು.

ಕಷ್ಟ ಬಂದ ಮೇಲೆ ಅರ್ಜಿ ಹಿಡಿದು ಅಲೆಯುವುದಕ್ಕಿಂತ ಮೊದಲೇ ಅಣಿಯಾಗುವುದು ಮಕ್ಕಳಿಗೆ ಹೆಚ್ಚು ಒಳಿತು. ಮಳೆಗಾಲಕ್ಕೆ ಮುಂಚಿನ ಎಸ್‌ಡಿಎಂಸಿ ಸಭೆಯಲ್ಲಿ ಒಂದು ಪಟ್ಟಿ ಮಾಡಿಸಿ: ಯಾವ ಮನೆಯಲ್ಲಿ ಫೋನಿದೆ, ಯಾವ ಮನೆಯಲ್ಲಿಲ್ಲ, ಅಭ್ಯಾಸ ಹಾಳೆಗಳನ್ನು ಮನೆಗೆ ಯಾರು ತಲುಪಿಸಬೇಕು, ಓದಲು ಊರಿನ ಯಾವ ಜಾಗ ಸಿಗುತ್ತದೆ, ಹೋದ ದಿನಗಳ ಪಾಠ ಯಾವ ಶನಿವಾರ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಇದನ್ನು ಕೇಳಲಿ. ನಡಾವಳಿ ಪುಸ್ತಕದಲ್ಲಿ ಬರೆದು ಸಹಿಯಾದ ಆ ಒಂದು ಪುಟ ಕೈಯಲ್ಲಿದ್ದರೆ, ಶಾಲೆ ಮುಚ್ಚಿದ ಮೊದಲ ದಿನವೇ ಯಾರು ಏನು ಮಾಡಬೇಕೆಂದು ಊರಿಗೆಲ್ಲ ಗೊತ್ತಿರುತ್ತದೆ.